ನರ್ಸಮ್ಮನ ಜಗಲಿಯ ಕ್ರಿಸ್‌ಮಸ್

ಕೆ.ಆರ್. ನಗರ
20 ನವೆಂಬರ್ 2024

ಪ್ರೀತಿಯ ನರ್ಸಮ್ಮನವರಿಗೆ,

ನಿಮ್ಮ ರಮ್ಯಶ್ರೀಯ ನಮಸ್ಕಾರ. ಫೋನಿನಲ್ಲಿ ನಾನು ಕೂಗಿದರೆ ನಮ್ಮ ಬೀದಿಗೆಲ್ಲ ಕೇಳಿಸುತ್ತದೆ, ನಿಮ್ಮ ಕಿವಿಗೆ ಮಾತ್ರ ಬೀಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನನಗೂ ಇದೇ ಸುಲಭ. ಎದುರಿಗೆ ನಿಂತು ಮಾತಾಡುವುದಕ್ಕೆ ನಾಚುವವಳು ನಾನು, ನಿಮಗೆ ಗೊತ್ತು.

ಈ ವಾರ ನನ್ನ ಹೊಲಿಗೆ ಮೆಷಿನ್ನಿನ ಮೇಲೆ ಬರೀ ಕೆಂಪು ಬಟ್ಟೆ. ಇಲ್ಲಿನ ಒಂದು ಶಾಲೆಯವರು ಮಕ್ಕಳ ನಾಟಕಕ್ಕೆ ಕ್ರಿಸ್‌ಮಸ್ ತಾತನ ಅಂಗಿ ಹೊಲಿಸುತ್ತಿದ್ದಾರೆ. ನಮ್ಮ ಯಜಮಾನರು ಕುಮಾರ್ ಆ ಟೋಪಿ ಹಾಕಿಕೊಂಡು ಕನ್ನಡಿ ನೋಡಿ, "ಈ ತಾತ ನಮ್ಮ ಕಡೆ ಬಂದ್ರೆ ಬೆವ್ತು ಸತ್ತೋಯ್ತನೆ ಕಣೆ" ಎಂದರು. ನಮ್ಮ ಹನಗೋಡಿಗೆ ಈ ತಾತ ಬಂದೇ ಇರಲಿಲ್ಲ, ನಮಗೆ ಬರುತ್ತಿದ್ದದ್ದು ಬಿಳಿ ಸೀರೆಯ ನರ್ಸಮ್ಮ ಎಂದು ಹೇಳಿದೆ. ಹೇಳಿದ ಮೇಲೆ ಕತ್ತರಿ ಮುಂದೆ ಹೋಗಲಿಲ್ಲ. ಎಲ್ಲ ನೆನಪಾಯಿತು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ನೀವು ಜಗಲಿಯ ಮೇಲೆ ನಿಂತು ಕೂಗುತ್ತಿದ್ದಿರಿ. ಪೋಲಿಯೋ ಹನಿ ಹಾಕುವ ದಿನ ಹೇಗೋ ಹಾಗೇ. "ಕಂಠಪ್ಪನ ಮನೆ ಎರಡನೇದು, ಬಾ. ಚೆಲುವಮ್ಮನ ಮನೆ ಮೂರನೇದು, ಬಾ." ನಮ್ಮ ಹೆಸರು ನಿಮಗೆ ಬೇಕಿರಲಿಲ್ಲ. ಯಾವ ಮನೆ, ಎಷ್ಟನೇ ಹೆರಿಗೆ, ಅಷ್ಟು ಸಾಕಿತ್ತು. ನಾವು ಓಡಿ ಬಂದು ಅಭ್ಯಾಸಬಲದಿಂದ ಆ ಎಂದು ಬಾಯಿ ತೆಗೆದು ನಿಲ್ಲುತ್ತಿದ್ದೆವು. ನೀವು ನಕ್ಕು, "ಬಾಯಲ್ಲ, ಕೈ ನೀಡು" ಎನ್ನುತ್ತಿದ್ದಿರಿ.

ಉಡುಗೊರೆಗಳನ್ನು ಹಳೆಯ ಪೋಲಿಯೋ ಪೋಸ್ಟರುಗಳಲ್ಲಿ ಸುತ್ತಿ ಕೊಡುತ್ತಿದ್ದಿರಲ್ಲ, ಅದರಿಂದ ನಾನು ಬಹಳ ದಿನ ಒಂದು ತಪ್ಪು ತಿಳಿದುಕೊಂಡಿದ್ದೆ. ಕ್ರಿಸ್‌ಮಸ್ ಎಂದರೆ ಅಳದೆ ಹನಿ ಹಾಕಿಸಿಕೊಂಡ ಮಕ್ಕಳಿಗೆ ಸರ್ಕಾರ ಕೊಡುವ ಬಹುಮಾನ ಎಂದು. ಹಬ್ಬಕ್ಕೆ ನಿಮ್ಮ ಮನೆಯಲ್ಲಿ ಕಟ್ಟಿದ್ದ ಗೋದಲಿಯಲ್ಲಿ ಮಲಗಿದ್ದ ಬಾಲಯೇಸುವಿನ ಗೊಂಬೆಯನ್ನು ನೋಡಿ, "ಈ ಮಗೂಗೂ ಹನಿ ಹಾಕುದ್ರಾ?" ಎಂದು ಕೇಳಿದ್ದೆನಂತೆ. ಅವ್ವ ಈಗಲೂ ಹೇಳಿಕೊಂಡು ನಗುತ್ತಾಳೆ.

ನನಗೆ ಸಿಕ್ಕಿದ್ದರಲ್ಲಿ ನನ್ನ ಜೀವದಂಥದ್ದು ಆ ಹಳದಿ ಕೊಡೆ. ಡಿಸೆಂಬರಿನಲ್ಲಿ ಮಳೆ ಎಲ್ಲಿ? ಆದರೂ ರಾಗಿ ಕಣದಲ್ಲಿ ಬಿಚ್ಚಿಕೊಂಡು ತಿರುಗಿದೆ. ಎಲ್ಲರೂ ಕೇಳಿದರು, "ಮಳೆರಾಯಂಗೆ ಕಾಗ್ದ ಬರ್ದಿದ್ದೀಯಾ ಅಮ್ಮಿ?" ನನ್ನ ಅಣ್ಣ ಚಂದಣ್ಣನಿಗೆ ಆ ವರ್ಷ ಬಾಯಿ ಪೀಪಿ. ಕೊಟ್ಟಿಗೆಯಲ್ಲಿ ಕೂತು ಊದಿ ಊದಿ, ಎಮ್ಮೆ ಸೊರ ಬಿಡದೆ, ಹಾಲೇ ಕೊಡದೆ ಹೋದಾಗ ಅಪ್ಪನ ಕೈಯಲ್ಲಿ ಏಟು ತಿಂದ. ಆದರೂ ಬಿಡಲಿಲ್ಲ, ತಲೆದಿಂಬಿನ ಕೆಳಗೆ ಇಟ್ಟುಕೊಂಡೇ ಮಲಗಿದ.

ಈ ವರ್ಷ ಏನು ತಂದಿದ್ದೀರಿ? ಚಂದಣ್ಣನ ಮಗ ಚಿನ್ನುವಿಗೆ ಏನು? ಹೋದ ವರ್ಷ ಅವನಿಗೆ ಏನು ಕೊಟ್ಟಿರಿ ಎಂದು ಅವ್ವನನ್ನು ಕೇಳಿದರೆ ಸರಿಯಾಗಿ ಹೇಳಲಿಲ್ಲ. ಬರೆಯಿರಿ.

ನಿಮ್ಮ
ರಮ್ಯಶ್ರೀ


ಹನಗೋಡು
27 ನವೆಂಬರ್ 2024

ಮಗಳೇ ರಮ್ಯಾ,

ನಿನ್ನ ಕಾಗದ ಬಂತು. ಎರಡು ಸಲ ಓದಿದೆ. ಬಾಯಿ ತೆಗೆದು ನಿಂತಿದ್ದ ನಿಮ್ಮ ಸಾಲು ಕಣ್ಣಿಗೆ ಕಟ್ಟಿತು. ಆಗ ಅರ್ಧ ಜನಕ್ಕೆ ಮುಂದಿನ ಹಲ್ಲೇ ಇರಲಿಲ್ಲ.

ಆ ಕೊಡೆಯ ವಿಷಯ ನಿನಗೆ ತಿಳಿಯದು. ಆ ವರ್ಷ ಮಳೆಗಾಲದಲ್ಲಿ ನೀನು ಗೋಣಿಚೀಲ ತಲೆಗೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ಆಮೇಲೆ ಜ್ವರ ಬಂದು ಬಿದ್ದೆ. ಅಂದೇ ಕೊಡಿಸಬೇಕು ಅನ್ನಿಸಿತು. ಆದರೆ ಒಂದು ಮಗುವಿಗೆ ಸುಮ್ಮನೆ ಕೊಟ್ಟರೆ ಉಳಿದವರು ಮುಖ ಸಪ್ಪಗೆ ಮಾಡುತ್ತಾರೆ. ಹಬ್ಬಕ್ಕೆ ಕೊಟ್ಟರೆ ಯಾರೂ ಯಾಕೆ ಎಂದು ಕೇಳುವುದಿಲ್ಲ. ಹಾಗಾಗಿ ಮಳೆಗಾಲದ ಕೊಡೆ ಚಳಿಗಾಲದಲ್ಲಿ ಬಂತು. ಕಣದಲ್ಲಿ ಬಿಚ್ಚಿಕೊಂಡು ತಿರುಗಿದ್ದನ್ನು ನಾನೂ ನೋಡಿದೆ. ನಿನ್ನ ಆ ನಗುವಿನ ನೆನಪಲ್ಲೇ ಬಹಳ ದಿನ ಖುಷಿಯಾಗಿದ್ದೆ.

ಈ ವರ್ಷ ಏನೂ ತಂದಿಲ್ಲ. ಮಂಡಿ ನೋವು, ಬಸ್ಸು ಹತ್ತಿ ಮೈಸೂರಿಗೆ ಹೋಗಿ ಅಂಗಡಿ ಅಂಗಡಿ ಸುತ್ತುವ ಶಕ್ತಿ ಇಲ್ಲ. ಈಗಿನ ಮಕ್ಕಳ ಕೈಯಲ್ಲಿ ಮೊಬೈಲ್ ಇದೆ, ನನ್ನ ಪೀಪಿ ಯಾರಿಗೆ ಬೇಕು? ಗೋದಲಿಯನ್ನೂ ಕಟ್ಟುತ್ತಿಲ್ಲ, ಅದರ ಹೊಲಕ್ಕೆ ಅಂತ ತೆಂಗಿನ ಚಿಪ್ಪಿನಲ್ಲಿ ರಾಗಿ ಬೆಳೆಸುತ್ತಿದ್ದೆನಲ್ಲ, ಅದನ್ನೂ ಈ ಸಲ ಹಾಕುವುದಿಲ್ಲ.

ಮೈಸೂರಿನ ನನ್ನ ತಂಗಿ ಕರೆಯುತ್ತಿದ್ದಾಳೆ. ಹಬ್ಬಕ್ಕೆ ಹೋಗಿ ಅಲ್ಲೇ ಇದ್ದುಬಿಡುವ ಯೋಚನೆ. ಕೋಳಿಗಳನ್ನು ಕೊಟ್ಟುಬಿಟ್ಟೆ.

ಕುಮಾರನಿಗೆ ಕೇಳಿದೆ ಎಂದು ಹೇಳು. ಟೋಪಿ ಕೊಳೆ ಮಾಡದಿರಲಿ.

ಲೂರ್ದಮ್ಮ


ಕೆ.ಆರ್. ನಗರ
2 ಡಿಸೆಂಬರ್ 2024

ನರ್ಸಮ್ಮನವರಿಗೆ,

ಕೋಳಿಗಳನ್ನು ಕೊಟ್ಟಿರಿ ಎಂದು ಓದಿ ಬೇಜಾರಾಯಿತು. ಅವಕ್ಕೆ ಎಷ್ಟು ಮರ್ಯಾದೆ ಇತ್ತು ನಿಮ್ಮ ಮನೆಯಲ್ಲಿ. ನಮಗಿಂತ ಹೆಚ್ಚು.

ನೀವು ಸಂಕೋಚದಿಂದ ಹೇಳುತ್ತಿಲ್ಲ, ಆದರೆ ನನಗೆ ಅರ್ಥವಾಗುತ್ತದೆ. ಪಿಂಚಣಿಯಲ್ಲಿ ಒಬ್ಬರು ಬದುಕುವುದೇ ಕಷ್ಟ, ಇನ್ನು ನಮ್ಮ ಬೀದಿಯ ಮಕ್ಕಳಿಗೆಲ್ಲ ತರುವುದು ಎಲ್ಲಿಂದ? ಇಷ್ಟು ವರ್ಷ ತಂದದ್ದೇ ಹೆಚ್ಚು. ನಾವು ಯಾರೂ ಅದನ್ನು ಯೋಚಿಸಲೇ ಇಲ್ಲ.

ಅದಕ್ಕೆ ಒಂದು ಕೆಲಸ ಮಾಡಿದ್ದೇನೆ. ಬೈಯಬೇಡಿ. ಯೂನಿಫಾರಂ ಹೊಲಿದು ಉಳಿದ ಗಟ್ಟಿ ಬಟ್ಟೆ ಮೂಟೆಗಟ್ಟಲೆ ಇದೆ. ಅದರಲ್ಲಿ ಮಕ್ಕಳಿಗೆ ಹೆಗಲಿಗೆ ಹಾಕುವ ಚೀಲ ಹೊಲಿಯುತ್ತಿದ್ದೇನೆ. ಒಂದೊಂದರ ಮೇಲೂ ಒಂದೊಂದು ಚಿತ್ರ. ಕೋಳಿ, ಮೀನು, ಎಮ್ಮೆ, ಬಸ್ಸು. ಚಿನ್ನುವಿಗೆ ಆನೆ, ಕಿವಿ ಅಲ್ಲಾಡುತ್ತದೆ. ನೀವು ಮೈಸೂರಿಗೂ ಹೋಗಬೇಡಿ, ಅಂಗಡಿಗೂ ಹೋಗಬೇಡಿ. ಜಗಲಿಯ ಮೇಲೆ ನಿಂತು ಕೂಗಿದರೆ ಸಾಕು.

ಚಂದಣ್ಣನಿಗೆ ಫೋನ್ ಮಾಡಿ, ಹುಣಸೂರಿನ ತನಕ ಬಂದು ಮೂಟೆ ತಗೊಂಡು ಹೋಗಿ ನಿಮಗೆ ಕೊಡು ಎಂದೆ. ಅವನು ಆ ಮಾತೇ ಕೇಳಿಸದವನ ಹಾಗೆ ಹಾಲಿನ ಡೈರಿ ಎಲೆಕ್ಷನ್ ವಿಷಯ ತೆಗೆದ. ಈ ಸಲ ನಿಂತಿದ್ದಾನಂತೆ. ಎದುರಿಗೆ ಉಮಾಶಂಕರನಂತೆ. ಎಲೆಕ್ಷನ್ ತಲೆಗೆ ಹತ್ತಿದೆ, ಇನ್ನೊಂದು ಸಲ ಹೇಳುತ್ತೇನೆ. ನಿಮ್ಮ ಎದುರು ಮನೆಯವನೇ ಅಲ್ಲವೇ, ನಾಲ್ಕು ಹೆಜ್ಜೆ.

ತಂಗಿಯ ಮನೆಗೆ ಹಬ್ಬ ಮುಗಿಸಿಕೊಂಡು ಹೋಗಿ.

ರಮ್ಯಶ್ರೀ


ಹನಗೋಡು
6 ಡಿಸೆಂಬರ್ 2024

ರಮ್ಯಾ,

ಚೀಲ ಕಳಿಸಬೇಡ. ಚಂದುವಿನ ಕೈಯಲ್ಲಂತೂ ಬೇಡವೇ ಬೇಡ.

ನನ್ನ ಪಿಂಚಣಿ ನನಗೆ ಸಾಕು. ಅದರ ಮರುಕ ಬೇಡ. ಮಂಡಿ ನೋವು ಎಂದದ್ದೂ ಅರ್ಧ ಸುಳ್ಳು. ನಿನ್ನೆ ಹೊಳೆ ದಂಡೆಯ ತನಕ ನಡೆದು ಬಂದೆ.

ಹೋದ ಕ್ರಿಸ್‌ಮಸ್ಸಿಗೆ ಚಿನ್ನುವಿಗೆ ಒಂದು ಆಟದ ಡೋಲು ಕೊಟ್ಟಿದ್ದೆ. ಸಂಜೆ ತನಕ ಬಡಿದ. ನನ್ನ ಈ ಕಿವಿಗೂ ಕೇಳಿಸುತ್ತಿತ್ತು ಅಂದರೆ ನೋಡು. ಮಾರನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಡೋಲು ನನ್ನ ಹೊಸ್ತಿಲ ಮೇಲಿತ್ತು. ಪೋಸ್ಟರ್ ಕಾಗದದಲ್ಲೇ ಮತ್ತೆ ಸುತ್ತಿ ಇಟ್ಟಿದ್ದರು. ಆಮೇಲೆ ಇನ್ನೆರಡು ಮನೆಯಿಂದಲೂ ವಾಪಸ್ ಬಂದವು. ನಾನು ಯಾರನ್ನೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಇದನ್ನು ನಿನಗೆ ಬರೆಯಬಾರದು ಎಂದಿದ್ದೆ. ಬರೆಯದಿದ್ದರೆ ನೀನು ಮೂಟೆ ಕಳಿಸಿಬಿಡುತ್ತೀಯ. ಇನ್ನೊಂದು ಸಲ ನನ್ನ ಹೊಸ್ತಿಲಿಗೆ ಯಾವುದೂ ಹಾಗೆ ಬರುವುದು ನನಗೆ ಬೇಡ.

ಮನೆಯವರ ಮೇಲೆ ಕೋಪ ಮಾಡಿಕೊಳ್ಳಬೇಡ. ಇದನ್ನು ಇಲ್ಲಿಗೇ ಬಿಡು.

ಲೂರ್ದಮ್ಮ


ಕೆ.ಆರ್. ನಗರ
10 ಡಿಸೆಂಬರ್ 2024

ನರ್ಸಮ್ಮನವರಿಗೆ,

ನಾನು ಬಿಡಲಿಲ್ಲ. ಕಾಗದ ಓದಿದ ಕೈಯಲ್ಲೇ ಚಂದಣ್ಣನಿಗೆ ಫೋನ್ ಮಾಡಿದೆ. ನಡೆದ ಮಾತನ್ನು ಹಾಗೆ ಹಾಗೇ ಬರೆಯುತ್ತೇನೆ.

"ಡೋಲು ಯಾಕೆ ವಾಪಸ್ ಇಟ್ಟೆ?" ಎಂದೆ.

"ಯಾವ ಡೋಲು?"

"ನೀನು ಪೀಪಿ ಊದಿ ಎಮ್ಮೆ ಹಾಲು ಬತ್ತಿಸಿದ್ಯಲ್ಲ, ಆ ಪೀಪಿ ಕೊಟ್ಟ ಕೈಯೇ ಕೊಟ್ಟ ಡೋಲು."

ಡೋಲು ನೆನಪಾಯಿತು ಅವನಿಗೆ. "ಆಗ ಎಲೆಕ್ಷನ್ ಇರ್ನಿಲ್ಲ ಕಣಮ್ಮಿ. ಈಗ ಆ ಉಮಾಶಂಕರ ಮನೆಮನೆಗೂ ಓಗಿ ಏಳ್ತಾ ಅವ್ನೆ. ಚಂದು ಮಕ್ಳು ಮರಿ ಎಲ್ಲಾ ಆಯಮ್ಮನ ಜಾತಿ ಸೇರ್ಕಂಡವ್ರೆ, ಅದ್ಕೇ ಹಬ್ಬಕ್ಕೆ ಉಡುಗೊರೆ ಬತ್ತದೆ ಅಂತ. ವರ್ಸದಿಂದ ಇದೇ ಮಾತು."

"ನೀನು ಏನಂದೆ?"

"ಏನನ್ನಾನ? ಓಟು ಬೇಕಲ್ಲ."

"ನಾವು ಎಷ್ಟು ವರ್ಷ ತಗೊಂಡೋ ಅಣ್ಣ. ನಮ್ಮ ಜಾತಿ ಎಲ್ಲಿಗೋಯ್ತು?"

"ನಂಗೇನು ಏಳ್ತೀಯ? ಡೋಲು ಇಟ್ಟವ್ನು ನಾನಲ್ಲ. ಅವ್ವುನ್ನ ಕೇಳು" ಎಂದು ಫೋನ್ ಅವ್ವನ ಕೈಗೆ ಕೊಟ್ಟ.

ಅವ್ವ ಅಂದಳು, "ಊ ಕಣಮ್ಮಿ, ನಾನೇ ಇಟ್ಟೆ. ಅವ್ರ ಮುಖ ನೋಡಿ ಕೊಡಕ್ಕಾಗ್ದು ಅಂತ ಬೆಳಕರಿಯಕ್ಕೆ ಮುಂಚೆ ಇಟ್ಬಂದೆ. ಜನ ಆಡ್ಕತಾರೆ. ನಿಮ್ಮಪ್ಪ ಇದ್ದಿದ್ರೆ ಬೇರೆ ಮಾತು. ಈಗ ಮಗ ಏಳ್ದಂಗೆ ಇರ್ಬೇಕಲ್ವಾ?"

ನಾನು ಅಷ್ಟು ಹೊತ್ತೂ ಅಣ್ಣನ ಮೇಲೆ ಹಲ್ಲು ಕಡಿಯುತ್ತಿದ್ದೆ. ಇವಳು ಎಂದು ನನ್ನ ಮನಸ್ಸಿಗೆ ಬರಲೇ ಇಲ್ಲ. ನನ್ನನ್ನು ಹೆರುವಾಗ ಬೆಳಗಿನ ತನಕ ನಿಮ್ಮ ಕೈ ಹಿಡಿದು ಮಲಗಿದ್ದವಳು. ನಿಮಗೆ ಗೊತ್ತಿತ್ತಾ? ಗೊತ್ತಿದ್ದೇ ಬರೆಯಲಿಲ್ಲ ಅನ್ನಿಸುತ್ತದೆ.

ಅವ್ವನಿಗೆ ಹೇಳಿದೆ, "ಇಪ್ಪತ್ತನಾಲ್ಕಕ್ಕೆ ಬರ್ತೀನಿ, ನಿಮ್ಮ ಮನೆಗಲ್ಲ, ಎದುರು ಮನೆಗೆ, ನರ್ಸಮ್ಮನ ಹತ್ರ." ಚಂದಣ್ಣ ಫೋನ್ ಕಿತ್ತುಕೊಂಡು ಹೇಳಿದ, "ಆಯಮ್ಮನ ಜಗಲಿ ಮ್ಯಾಲೆ ನೀನು ಕೂತ್ರೆ, ಇನ್ನು ಈ ಬಾಗ್ಲಿಗೆ ಬರ್ಬ್ಯಾಡ. ಗೌರಿ ಹಬ್ಬಕ್ಕೆ ಬಾಗಿನ ಗೀಗಿನ ಅಂತ ಕಾಯ್ಬ್ಯಾಡ."

"ಬ್ಯಾಡ ಬುಡು" ಎಂದೆ. ಅಷ್ಟು ಗಟ್ಟಿಯಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ. ಕುಮಾರ್ ಒಳಗಿನಿಂದ ಬಂದು ಯಾರು ಬಂದದ್ದು ಎಂದು ನೋಡಿದರು.

ನೀವು ಮೈಸೂರಿಗೆ ಹೋಗಬೇಡಿ. ಹೋದರೆ ಉಮಾಶಂಕರ ಹೇಳಿದ್ದೇ ನಿಜ ಎಂದಾಗುತ್ತದೆ.

ರಮ್ಯಶ್ರೀ


ಹನಗೋಡು
15 ಡಿಸೆಂಬರ್ 2024

ಮಗಳೇ,

ನೀನು ಬರಬೇಡ. ಇದು ಬೇಡಿಕೊಳ್ಳುವ ಮಾತಲ್ಲ, ಹೇಳುವ ಮಾತು.

ಹೌದು, ನನಗೆ ಗೊತ್ತಿತ್ತು. ನಿಮ್ಮ ಅವ್ವ ಬರುವುದನ್ನು ಕಿಟಕಿಯಿಂದ ನೋಡಿದೆ. ಡೋಲನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಇಟ್ಟು ಎದ್ದವಳು ಬಾಗಿಲಿನ ಮೇಲೆ ಕೈಯಿಟ್ಟು ಸ್ವಲ್ಪ ನಿಂತಳು. ನಾನು ತೆಗೆಯಬಹುದಿತ್ತು. ತೆಗೆಯಲಿಲ್ಲ. ಆಮೇಲೆ ಒಂದು ವರ್ಷ ನಾವಿಬ್ಬರೂ ಒಂದೇ ನಲ್ಲಿಯ ನೀರು ಹಿಡಿದೆವು, ಮಾತು ಮಾತ್ರ ಆಡಲಿಲ್ಲ.

ತವರು ಎಂದರೆ ಏನು ಎಂದು ತವರಿಲ್ಲದವಳನ್ನು ಕೇಳು. ನಾನು ಕೆಲಸಕ್ಕೆ ಸೇರಿ, ಮದುವೆ ಒಲ್ಲೆ ಎಂದದ್ದಕ್ಕೆ ನನ್ನ ಅಣ್ಣ ಬಾಗಿಲು ಹಾಕಿದ. ನಾನೂ ನಿನ್ನ ಹಾಗೇ, ಹಾಕಿಕೋ ಹೋಗು ಎಂದೆ. ಊರೂರು ಹೆರಿಗೆ ಮಾಡಿಸಿದೆ. ಹೆತ್ತ ಹೆಣ್ಣುಮಕ್ಕಳನ್ನೆಲ್ಲ ಅವರವರ ಅಮ್ಮಂದಿರು ಬಂದು ಕರೆದುಕೊಂಡು ಹೋಗುವಾಗ ಬಾಗಿಲಲ್ಲಿ ನಿಂತು ನೋಡಿದೆ. ಅಣ್ಣ ಸತ್ತಾಗ ಹೋದರೆ ಅವನ ಮಕ್ಕಳು ಯಾರು ನೀವು ಎಂದು ಕೇಳಿದರು. ನಿನಗೆ ನಾಳೆ ಮಕ್ಕಳಾದಾಗ ಹೋಗಲು ಒಂದು ಮನೆ ಬೇಕು. ನನ್ನ ಒಂದು ಮಧ್ಯಾಹ್ನದ ಹಬ್ಬಕ್ಕೆ ಅದನ್ನು ಕಳೆದುಕೊಳ್ಳುವುದು ಬುದ್ಧಿಯಲ್ಲ.

ಉಮಾಶಂಕರ ಹುಟ್ಟಿದ್ದೂ ನನ್ನ ಕೈಯಲ್ಲೇ. ಮೂರೂವರೆ ಕೇಜಿ. ಆಗಲೇ ಗಲಾಟೆ.

ನೀನು ಬರಬೇಡ ಎಂದು ಮತ್ತೆ ಬರೆಯುತ್ತಿದ್ದೇನೆ.

ಲೂರ್ದಮ್ಮ

ನಿನ್ನೆ ತೆಂಗಿನ ಚಿಪ್ಪು ತೊಳೆದು ರಾಗಿ ಹಾಕಿದೆ. ಯಾಕೆ ಎಂದು ಕೇಳಬೇಡ.


ಕೆ.ಆರ್. ನಗರ
19 ಡಿಸೆಂಬರ್ 2024

ನರ್ಸಮ್ಮನವರಿಗೆ,

ನಿಮ್ಮ ಕಾಗದ ಓದಿದೆ. ಪೂರ್ತಿ ಓದಿದೆ. ಬರಬೇಡ ಎಂಬುದನ್ನೂ ಓದಿದೆ, ಕೆಳಗೆ ರಾಗಿಯ ವಿಷಯ ಬರೆದದ್ದನ್ನೂ ಓದಿದೆ.

ಬರುತ್ತೇನೆ. ಬೆಳಗಿನ ಬಸ್ಸಿಗೆ. ಮೂಟೆಯನ್ನು ಯಾರ ಕೈಯಲ್ಲೂ ಕಳಿಸುವುದಿಲ್ಲ, ನನ್ನ ತಲೆಯ ಮೇಲೆ ಹೊತ್ತುಕೊಂಡು ಬೀದಿಯ ನಡುವೆಯೇ ಬರುತ್ತೇನೆ. ನೀವು ಒಳಗೇ ಇರಿ ಬೇಕಾದರೆ. ಜಗಲಿ ಮಾತ್ರ ಗುಡಿಸಿಡಿ.

ರಮ್ಯಶ್ರೀ


ಹನಗೋಡು
28 ಡಿಸೆಂಬರ್ 2024

ಮಗಳೇ ರಮ್ಯಾ,

ನೀನು ಬಸ್ಸು ಹತ್ತಿ ಹೋದ ಮೇಲೆ ಮೂರು ದಿನ ನನ್ನ ಗಂಟಲು ಕೂತಿತ್ತು. ಈಗ ಸರಿಹೋಗಿದೆ. ನಿನಗೆ ಕಾಣದೇ ಇದ್ದದ್ದನ್ನು ಬರೆಯುತ್ತೇನೆ.

ನಾನು ಅಷ್ಟು ಹೊತ್ತು ಒಳಗೇ ಕೂತಿದ್ದಕ್ಕೆ ನಿನಗೆ ಕೋಪ ಬಂದಿರಬೇಕು. ಕಿಟಕಿಯಲ್ಲಿ ನಿನ್ನ ಬೆನ್ನು ನೋಡುತ್ತಿದ್ದೆ. ಸುತ್ತ ಚೀಲಗಳು, ಎದುರಿಗೆ ಖಾಲಿ ಬೀದಿ. ನೀನು ಕೂಗಬೇಕೆಂದು ಎದ್ದು ನಿಲ್ಲುತ್ತಿದ್ದೆ, ನಾಚಿ ಮತ್ತೆ ಕೂರುತ್ತಿದ್ದೆ. ಆ ಮೂಲೆಯ ಮನೆಯ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದರು. ನನ್ನ ಸಲುವಾಗಿ ಒಬ್ಬಳು ನಾಚಿಕೆಯ ಹುಡುಗಿ ಅಲ್ಲಿ ಒಬ್ಬಳೇ ಕೂತಿದ್ದಾಳೆ, ನಾನು ಹೊದ್ದುಕೊಂಡು ಕೂತಿದ್ದೇನಲ್ಲ ಅನ್ನಿಸಿತು. ಆಗ ಎದ್ದು ಬಂದೆ.

ಈಗಿನ ಮಕ್ಕಳ ಲೆಕ್ಕ ನನಗೆ ಗೊತ್ತಿಲ್ಲ. ನನಗೆ ಗೊತ್ತಿದ್ದದ್ದು ನೀವೇ. ಅದಕ್ಕೇ ನಿಮ್ಮನ್ನೇ ಕೂಗಿದೆ. "ಕಂಠಪ್ಪನ ಮನೆ ಎರಡನೇದು, ಬಾ" ಎಂದಾಗ ಆ ಮೀಸೆಯ ಗಂಡಸು ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಓಡಿ ಬಂದದ್ದನ್ನು ನೀನೂ ನೋಡಿದೆ. ಬಂದವನು ನನ್ನ ಮುಂದೆ ಆ ಎಂದು ಬಾಯಿ ತೆಗೆದುಬಿಟ್ಟ. ನೀನು ಚೀಲದಲ್ಲಿ ಮುಖ ಮುಚ್ಚಿಕೊಂಡು ನಕ್ಕೆ. ಆಮೇಲೆ ಬೀದಿ ತುಂಬಿತು. ಚೆಲುವಮ್ಮ ಮೊಮ್ಮಕ್ಕಳನ್ನು ಎಳೆದುಕೊಂಡು ಬಂದು ಮೂಲೆ ಮನೆಯವರಿಗೆ ಕೇಳುವ ಹಾಗೆ ಹೇಳಿದಳಂತೆ, "ಪೋಲಿಯೋ ಹನಿ ಅನ್ಕಂಡು ಬಂದೆ ಕಣವ್ವ. ಬಂದ್ಮೇಲೆ ಸುಮ್ನೆ ಓಗಕ್ಕಾಯ್ತದಾ?" ಸಂಜೆಯ ಹೊತ್ತಿಗೆ ಎಲ್ಲರ ಬಾಯಲ್ಲೂ ಅದೇ ಮಾತು. ಕೇಳಿದವರಿಗೆಲ್ಲ ಹನಿ ಅನ್ಕಂಡು ಹೋಗಿದ್ದೋ ಎನ್ನುತ್ತಿದ್ದಾರೆ. ಹನಿ ಹಾಕುವವಳು ರಿಟೈರ್ ಆಗಿ ಎಷ್ಟು ವರ್ಷವಾಯಿತು ಎಂದು ಯಾರೂ ಕೇಳುವುದಿಲ್ಲ.

ನಿಮ್ಮ ಮನೆಯನ್ನೂ ಕೂಗಿದೆ. "ಸುನಂದಮ್ಮನ ಮನೆ ಮೊದಲನೇದು, ಬಾ." ಎದುರು ಜಗಲಿಯಲ್ಲಿ ನಿಂತಿದ್ದ ಚಂದು ತಲೆ ಎತ್ತಿದ. ಒಂದು ಹೆಜ್ಜೆ ಇಟ್ಟ ಎಂದೇ ನನಗೆ ಕಂಡಿತು. ಆಮೇಲೆ ಒಳಗೆ ಹೋದ. ಅಷ್ಟು ನಿನಗೂ ಗೊತ್ತು.

ನಿನಗೆ ಗೊತ್ತಿಲ್ಲದ್ದು ಇದು. ನೀನು ಕೊನೆಯ ಮಕ್ಕಳಿಗೆ ಕೊಡುತ್ತಿದ್ದಾಗ ನಾನು ನೀರು ಕುಡಿಯಲು ಒಳಗೆ ಹೋದೆನಲ್ಲ, ಹಿತ್ತಲ ಬಾಗಿಲಲ್ಲಿ ನಿಮ್ಮ ಅವ್ವ ನಿಂತಿದ್ದಳು. ಸೌದೆ ಒಟ್ಟಿರುವ ಕಡೆಯಿಂದ ಸುತ್ತಿ ಬಂದಿದ್ದಳು. "ಚಿನ್ನುಂದು ಇದ್ರೆ ಇತ್ಲಗೆ ಕೊಟ್ಬುಡಿ ನರ್ಸಮ್ಮ. ಯಾರ್ಗೂ ಕಾಣಂಗಿಲ್ಲ" ಎಂದಳು.

ವರ್ಷದ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು. ಆನೆಯ ಚೀಲ ಕೈಗೆಟಕುವ ಗೂಟದಲ್ಲೇ ಇತ್ತು. ಕೊಟ್ಟಿದ್ದರೆ ಮಗು ಕುಣಿಯುತ್ತಿತ್ತು. ಆದರೆ ನನ್ನ ಕೈ ಏಳಲಿಲ್ಲ. "ಮುಂದ್ಲು ಬಾಗ್ಲಿಗೆ ಬಾ ಸುನಂದಮ್ಮ. ಕದ್ದು ಕೊಡೋ ಸಾಮಾನು ನನ್ನತ್ರ ಇಲ್ಲ" ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಬಂದ ದಾರಿಯಲ್ಲೇ ಹೋದಳು. ನೀನು ಹೊರಗೆ ನಗುತ್ತಿದ್ದೆ, ಅದಕ್ಕೇ ಅಂದು ಹೇಳಲಿಲ್ಲ. ಮಗುವಿನ ಮೇಲೆ ಹಟ ಸಾಧಿಸಿದೆನೇನೋ ಎಂದು ರಾತ್ರಿಯೆಲ್ಲ ಅನ್ನಿಸಿತು. ಬೆಳಿಗ್ಗೆ ಎದ್ದ ಮೇಲೆ, ಅವಳು ಮತ್ತೆ ಬಂದು ಕೇಳಿದರೂ ಅದೇ ಮಾತನ್ನೇ ಹೇಳುತ್ತೇನೆ ಎಂದು ಗೊತ್ತಾಯಿತು.

ಹಬ್ಬದ ದಿನ ಚಂದು ಬೀದಿಯಲ್ಲಿ ಸಿಕ್ಕಿ, "ಎಲೆಕ್ಷನ್ ಮುಗೀಲಿ ನರ್ಸಮ್ಮ, ಆಮೇಲೆ ನೀವು ಏನಾರ ಮಾಡ್ಕಳಿ" ಎಂದ. ಕೂಗಿ ಹೇಳಿದ್ದರಿಂದ ಕೇಳಿಸಿತು. ನಾನೂ ಕೂತ ಗಂಟಲಲ್ಲೇ ಕೂಗಿ ಹೇಳಿದೆ, "ನಂಗೆ ಹಸುವೂ ಇಲ್ಲ, ನಿನ್ನ ಡೈರೀಲಿ ಓಟೂ ಇಲ್ಲ. ನನ್ನ ಜಗಲಿಗೆ ಯಾರ ಎಲೆಕ್ಷನ್ನೂ ಇಲ್ಲ ಕಣಪ್ಪ."

ತಂಗಿಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದೇನೆ. ಕೋಳಿ ಮರಿ ಬೇಕು ಎಂದೂ ಹೇಳಿಟ್ಟಿದ್ದೇನೆ.

ನಿನ್ನ ತವರಿನ ಬಗ್ಗೆ ನನಗೆ ಸಂಕಟವಿದೆ. ಅದನ್ನು ಮುಚ್ಚಿಡುವುದಿಲ್ಲ.

ಲೂರ್ದಮ್ಮ


ಕೆ.ಆರ್. ನಗರ
4 ಜನವರಿ 2025

ನರ್ಸಮ್ಮನವರಿಗೆ,

ನೀವು ಮಾಡಿದ್ದು ಸರಿ. ಓದುವಾಗ ಮೊದಲು ಚಿನ್ನುವಿನ ಮುಖ ನೆನೆದು ಅತ್ತೆ, ಆಮೇಲೆ ಸರಿ ಅನ್ನಿಸಿತು. ಆನೆ ಗೂಟದಲ್ಲೇ ಇರಲಿ.

ನಿನ್ನೆ ಅವ್ವ ಫೋನ್ ಮಾಡಿದ್ದಳು. ಮೊದಲು ಊಟ ಆಯ್ತಾ, ಕುಮಾರ್ ಹೇಗಿದ್ದಾರೆ ಎಂದೆಲ್ಲ ಕೇಳಿದಳು. ಆಮೇಲೆ, "ಸಂಕ್ರಾಂತಿಗೆ ನೀನು ಬರ್ಬ್ಯಾಡ ಅಂತ ನಿಮ್ಮಣ್ಣ ಏಳವ್ನೆ ಕಣಮ್ಮಿ. ಅವ್ನು ಏಳು ಅಂದಿದ್ದ, ಅದ್ಕೇ ಏಳ್ದೆ" ಎಂದಳು.

"ನೀನೇನು ಹೇಳ್ತೀಯ ಅವ್ವ?" ಎಂದು ಕೇಳಿದೆ.

ಅವಳು ಏನೂ ಹೇಳಲಿಲ್ಲ. ಹಿಂದೆ ಚಿನ್ನು ಯಾವುದೋ ತಟ್ಟೆ ಬಡಿಯುತ್ತಿದ್ದ ಸದ್ದು ಕೇಳಿಸುತ್ತಿತ್ತು. ಅವಳು ಫೋನ್ ಇಡಲೂ ಇಲ್ಲ. 

ನೀವು ಸಂಕಟಪಡಬೇಡಿ. ನಿಮ್ಮ ಅಣ್ಣ ಬಾಗಿಲು ಹಾಕಿದಾಗ ಹಾಕಿಕೋ ಎಂದು ನೀವು ಹೊರಟುಬಿಟ್ಟಿರಿ. ನಾನೂ ಫೋನಿನಲ್ಲಿ ಬ್ಯಾಡ ಬುಡು ಎಂದಿದ್ದೆ. ಈಗ ಆ ಮಾತನ್ನು ವಾಪಸ್ ತಗೊಂಡಿದ್ದೇನೆ. ಅದು ನಾನು ಹುಟ್ಟಿದ ಮನೆ. ಬರಬೇಡ ಎಂದು ಒಬ್ಬನು ಹೇಳಿದ ಮಾತ್ರಕ್ಕೆ ಬಿಟ್ಟುಕೊಡುವುದಿಲ್ಲ. ನಿಮ್ಮ ಜಗಲಿಯನ್ನೂ ಬಿಡುವುದಿಲ್ಲ.

ಸಂಕ್ರಾಂತಿಗೆ ಬರುತ್ತೇನೆ. ಎಳ್ಳು ಬೆಲ್ಲ ಇಲ್ಲೇ ಮಾಡಿಕೊಂಡು ತರುತ್ತೇನೆ. ಮೊದಲು ನಿಮಗೆ ಕೊಡುತ್ತೇನೆ. ಆಮೇಲೆ ಬೀದಿ ದಾಟಿ ಆ ಮನೆಯ ಮುಂದಿನ ಬಾಗಿಲು ತಟ್ಟುತ್ತೇನೆ. ಹಿತ್ತಲಿಗೆ ಹೋಗುವುದಿಲ್ಲ. ತೆಗೆಯುವುದು ಬಿಡುವುದು ಅವರಿಗೆ ಸೇರಿದ್ದು. ತೆಗೆಯದಿದ್ದರೆ ಆ ಮನೆಯ ಜಗಲಿಯ ಮೇಲೇ ಕೂರುತ್ತೇನೆ. ಜಗಲಿಯ ಮೇಲೆ ಕೂರುವುದು ಈಗ ನನಗೆ ಅಭ್ಯಾಸವಾಗಿದೆ.

ರಮ್ಯಶ್ರೀ